ಕೇಳದೇ ಬಂದ ಪೆಂಗ್ವಿನ್

ಅಂಕೋಲಾ
ಬುಧವಾರ, ೧೯ ನವೆಂಬರ್ ೨೦೨೫

ಕಾರವಾರದಲ್ಲಿ ಫೋನ್ ಬಂದ್ ಮಾಡಿ ಕೂತ ಯಜಮಾನರಿಗೆ, ಅಂಕೋಲೆಯಲ್ಲಿ ಅಂಗಡಿ ತೆರೆದು ಕೂತ ಹೆಂಡತಿಯ ನಮಸ್ಕಾರ.

ನಾವಿಲ್ಲಿ ಕ್ಷೇಮ. ನಾವು ಎಂದರೆ ನಾನು ಮತ್ತು ಪೆಂಗ್ವಿನ್. ಭಾನುವಾರ ನಾನು ಭಾವಿಕೇರಿಗೆ ಬಾಣಂತಿ ನೋಡಲು ಹೋದ ಹೊತ್ತಿಗೆ ನೀವು ನನ್ನ ಕಂಪ್ಯೂಟರಿನಿಂದ ವಿಂಡೋಸ್ ಇಳಿಸಿ, ಪೆಂಗ್ವಿನ್ ಹಕ್ಕಿಯ ಗುರುತಿನ ಲಿನಕ್ಸ್ ಏರಿಸಿದಿರಿ. ಸಂಜೆಯ ಬಸ್ಸಿಗೆ ಕಾರವಾರವನ್ನೂ ಸೇರಿದಿರಿ. ಕೀಬೋರ್ಡಿನ ಮೇಲೆ ಒಂದು ಚೀಟಿ: ‘ಸರ್‌ಪ್ರೈಸ್!’ ಮದುವೆಯಾದ ಮೇಲೆ ನೀವು ಕೊಟ್ಟ ಮೊದಲ ಸರ್‌ಪ್ರೈಸ್ ಇದು. ಅದಕ್ಕೂ ಪುಕ್ಕಟೆ ಸಿಕ್ಕಿದ್ದನ್ನೇ ಹುಡುಕಿದ ನಿಮ್ಮ ಜಾಣತನವನ್ನು ಹೊಗಳದೆ ಮುಂದೆ ಹೋಗುವಂತಿಲ್ಲ.

ನಿಮ್ಮ ವಾದ ನನಗೆ ಬಾಯಿಪಾಠ. ಹಳೆಯ ವಿಂಡೋಸಿಗೆ ಕಳೆದ ತಿಂಗಳಿಂದ ಅಪ್‌ಡೇಟ್ ನಿಂತಿದೆ. ಹೊಸದು ನಮ್ಮ ಮುದಿ ಯಂತ್ರಕ್ಕೆ ಒಗ್ಗುವುದಿಲ್ಲ. ಯಾವುದೋ ವಿಡಿಯೊದವನ ಅಜ್ಜಿ ಕೂಡ ಲಿನಕ್ಸ್ ಬಳಸುತ್ತಾಳಂತೆ. ಆ ಮಹಾತಾಯಿಯ ಬಗ್ಗೆ ನನಗೆ ಗೌರವವಿದೆ. ಆದರೆ ಅಜ್ಜಿ ಲಗ್ನಪತ್ರಿಕೆ ಅಚ್ಚು ಹಾಕಿ ಹೊಟ್ಟೆ ಹೊರೆಯುತ್ತಾಳೆಯೆ? ಅವಳ ಮೊಮ್ಮಗ ಪಾಸ್‌ವರ್ಡ್ ಹೇಳದೆ ನೌಕಾನೆಲೆಯ ಕೆಲಸಕ್ಕೆ ಹೊರಟುಬಿಡುತ್ತಾನೆಯೆ?

ಯಂತ್ರ ತಾನಾಗಿ ತೆರೆದುಕೊಳ್ಳುತ್ತದೆ, ಸುಳ್ಳು ಹೇಳಲಾರೆ. ಮೊದಲು ಅನ್ನ ಬೇಯುವಷ್ಟು ಹೊತ್ತು ಗುಂಯ್‌ಗುಡುತ್ತಿದ್ದದ್ದು ಈಗ ಗಂಟಲು ಸರಿಮಾಡಿಕೊಳ್ಳುವುದರೊಳಗೆ ತಯಾರು. ಆದರೆ ನನ್ನ ಕೆಲಸವೆಲ್ಲ ಇರುವ ಡಿ ಡ್ರೈವ್ ಮುಟ್ಟಿದರೆ ಪಾಸ್‌ವರ್ಡ್ ಕೇಳುತ್ತದೆ. ಪ್ರಿಂಟರ್ ಜೋಡಿಸಲು ಹೋದರೂ ಪಾಸ್‌ವರ್ಡ್. ಹೊಸ ಮನೆ ಕಟ್ಟಿಸಿ, ಹೆಂಡತಿಯನ್ನು ಜಗಲಿಯಲ್ಲಿ ಕೂರಿಸಿ, ಒಳಗಿನ ಕೋಣೆಗಳ ಬೀಗದ ಕೈ ಕಿಸೆಗೆ ಹಾಕಿಕೊಂಡು ಹೋದ ಹಾಗಾಯಿತು.

ಸೋಮವಾರ ಒಮ್ಮೆ ಫೋನ್ ಎತ್ತಿದಿರಿ. ಪಾಸ್‌ವರ್ಡ್ ಕೇಳುವ ಮೊದಲು ನಾನು ಕೂಗಾಡಿದೆ. ಕ್ರಮ ತಪ್ಪಿತು, ಒಪ್ಪಿದೆ. ನೀವು, “ಆ ಅಂಗ್ಡಿ ಯಂತಕ್ಕೆ ಬೇಕೇ ನಿಂಗೆ? ಕಾರವಾರಕ್ಕೇ ಬಾ ಅಂದ್ರೆ ಕೇಳೂದೇ ಇಲ್ಲ” ಎಂದು ಇಟ್ಟಿರಿ. ಆಮೇಲೆ ಬಂದ್. ಅದಕ್ಕೇ ಈ ಕಾಗದ. ನಿಮ್ಮ ಜೊತೆ ಕೆಲಸ ಮಾಡುವ ನಾಗು ಮಧ್ಯಾಹ್ನದ ಪಾಳಿಗೆ ಹೋಗುವಾಗ ತರುತ್ತಾನೆ. ಓದಿದ ಕೂಡಲೇ ಫೋನ್ ಮಾಡಿ ಪಾಸ್‌ವರ್ಡ್ ಹೇಳಿ. ದುರ್ಗಕ್ಕ ತನ್ನ ಮಗಳು ಸುನೀತಾಳ ಲಗ್ನಪತ್ರಿಕೆಗಾಗಿ ಬೆಳಿಗ್ಗೆಯಿಂದ ಗಿರಾಕಿಗಳ ಬಾಕಿನ ಮೇಲೆ ಕೂತಿದ್ದಾಳೆ. ನಾಳೆ ಬೆಳಗಾದರೆ ಮೊದಲ ಪತ್ರಿಕೆ ದೇವಿಯ ಮುಂದೆ ಇಡಬೇಕು, ಎರಡನೆಯದು ತೋಡೂರಿನ ಬೀಗರ ಮನೆಗೆ.

ನಡೆದದ್ದನ್ನು ಅವಳಿಗೆ ಹೇಳಿದೆ. ಎಲೆ ಮಡಚುತ್ತಾ ಕೇಳಿದಳು: “ಗಂಡ ಕೀಲಿ ತಕಂಡಿ ಹೋದ್ರೆ ಅಂಗ್ಡಿ ಯಾರದ್ದಾಯ್ತೇ ತಂಗೀ? ನಿಂದೋ, ಅವಂದೋ?”

ನಾನು ನಕ್ಕೆ. ಎದುರಿನ ಅಂಗಡಿಯ ರಾಮನಾಥ ಬೇಡದ ಕೆಲಸಕ್ಕೆಲ್ಲ ಬಾಗಿಲಿಗೆ ಬಂದು ನಿಲ್ಲುತ್ತಿದ್ದ. ಅವನ ಪ್ರಿಂಟರಿಗೆ ಯಾವ ಪಕ್ಷಿಯ ಕಾಟವೂ ಇಲ್ಲ. ದುರ್ಗಕ್ಕನ ಕಣ್ಣೂ ಆ ಕಡೆ ಹೋಗಿ ಬರುತ್ತಿತ್ತು. “ಊಟದ ಹೊತ್ತಿನ ತಂಕ ಕಾಯ್ತೆ. ಮತ್ತೆ ಬ್ಯಾಸ್ರ ಮಾಡ್ಕಣೂಕಿಲ್ಲ” ಎಂದಳು.

ಇಷ್ಟು ಬರೆದು, ಪೆನ್ನು ಇಟ್ಟು, ಪಾಸ್‌ವರ್ಡ್ ಊಹಿಸತೊಡಗಿದೆ. ಮೊದಲು ನನ್ನ ಹೆಸರು. ದೊಡ್ಡಕ್ಷರದಲ್ಲಿ, ಚಿಕ್ಕಕ್ಷರದಲ್ಲಿ, ತವರಿನವರು ಕರೆಯುವ ಹಾಗೆ. ತಪ್ಪು. ಲಗ್ನದ ತಾರೀಕು. ತಪ್ಪು. ಅತ್ತೆಯ ಹೆಸರು ಕೂಡ ತಪ್ಪು, ದಯವಿಟ್ಟು ಅವರಿಗೆ ತಿಳಿಸಬೇಡಿ. ನಿಮ್ಮ ಪ್ರಾಣವಾದ ಇಸ್ವಾಣ ಮೀನು, ಅಲ್ಲ. ಬೈಕಿನ ನಂಬರೂ ಅಲ್ಲ. ಅದಾಗಿದ್ದರೆ ಈ ಕಾಗದ ವಕೀಲರ ಕೈಯಿಂದ ಬರುತ್ತಿತ್ತು.

ಒಂದು ಮಾತು ತಮಾಷೆ ಬಿಟ್ಟು ಕೇಳುತ್ತೇನೆ. ಮರೆತು ಹೋದಿರೋ, ಅಂಗಡಿ ಮುಚ್ಚಲಿ ಎಂದೇ ಹೋದಿರೋ? ಎರಡು ದಿನದಿಂದ ಇದೊಂದೇ ತಲೆಯಲ್ಲಿ.

ಕೊನೆಗೆ ಫೋನಿನಲ್ಲಿ ನಾನೂ ಒಂದು ವಿಡಿಯೊ ಹುಡುಕಿದೆ. ಪಾಸ್‌ವರ್ಡ್ ಮರೆತವರು ಏನು ಮಾಡಬೇಕೆಂದು ಅದರಲ್ಲಿ ಒಬ್ಬ ಪುಣ್ಯಾತ್ಮ ಹಿಂದಿಯಲ್ಲಿ ಹೇಳುತ್ತಾನೆ. ಯಂತ್ರ ಆರಿಸಿ ಹಚ್ಚುವಾಗ ಒಂದು ಕೀ ಒತ್ತಿ ಹಿಡಿಯಬೇಕು. ಕಪ್ಪು ಪರದೆ ಬಂತು. ಒಂದಕ್ಷರ ತಪ್ಪಿದರೆ ಇಷ್ಟು ವರ್ಷದ ಕೆಲಸವೆಲ್ಲ ಹೋಗುತ್ತದೇನೋ ಎಂದು ವಿಡಿಯೊ ನಿಲ್ಲಿಸಿ ನಿಲ್ಲಿಸಿ ಅವನು ಹೇಳಿದ್ದನ್ನು ಹೊಡೆದೆ. “ನಿಧಾನಕ್ಕೆ ಹೊಡಿಯೇ, ದೇವಿ ಇದ್ದಾಳೆ” ಎಂದಳು ದುರ್ಗಕ್ಕ. ಹೊಸ ಪಾಸ್‌ವರ್ಡ್ ಎರಡು ಸಲ ಬರೆದೆ. ಡಿ ಡ್ರೈವ್ ತೆರೆಯಿತು, ಪ್ರಿಂಟರೂ ಜೋಡಿಯಾಯಿತು.

ಪತ್ರಿಕೆಯೂ ತೆರೆಯಿತು, ಆದರೆ ಸುನೀತಾಳ ಹೆಸರಿದ್ದಲ್ಲಿ ಬರೀ ಗೀಚು, ಚುಕ್ಕಿ, ಕೊಂಬು! ದುರ್ಗಕ್ಕ ಎದ್ದು ಚಪ್ಪಲಿ ಮೆಟ್ಟಿದಳು. ರಾಮನಾಥ ಹಲ್ಲು ಬಿಟ್ಟ. ನನ್ನ ಹಳೆಯ ಕನ್ನಡ ಫಾಂಟು ವಿಂಡೋಸಿನ ಜೊತೆಗೇ ಹೋಗಿತ್ತು. ಅದರ ಒಂದು ಪ್ರತಿ ಡಿ ಡ್ರೈವಿನ ಮೂಲೆಯಲ್ಲಿ ಸಿಕ್ಕಿತು. ಹಾಕಿದೆ. ಗೀಚೆಲ್ಲ ಸರಿದು ಚಿ. ಸೌ. ಸುನೀತಾ ಪರದೆಯ ಮೇಲೆ ಬಂದು ಕೂತಳು. ದುರ್ಗಕ್ಕನೂ ಬಾಕಿಗೆ ವಾಪಸ್ ಬಂದಳು. ಪ್ರಿಂಟರ್ ಎರಡು ಸಲ ಕೆಮ್ಮಿ ಮೊದಲ ಪತ್ರಿಕೆ ಉಗುಳಿತು. ಅವಳು ಅದನ್ನು ಕಣ್ಣಿಗೊತ್ತಿಕೊಂಡು ನನ್ನ ತಲೆ ನೇವರಿಸಿದಳು. ನಾನು ಕಣ್ಣೀರು ಹಾಕಿದೆನೆಂದು ಆಗಷ್ಟೇ ಬಂದ ನಾಗು ಹೇಳಿದರೆ ನಂಬಬೇಡಿ. ಶಾಯಿಯ ವಾಸನೆ.

ಹೀಗಾಗಿ, ಲಿನಕ್ಸ್ ನಮ್ಮಂಥ ಸಾಮಾನ್ಯರಿಗೆ ಹೊಂದುತ್ತದೆಯೇ ಎಂಬ ಗಹನ ಪ್ರಶ್ನೆಗೆ ಅಂಕೋಲೆಯಿಂದ ಉತ್ತರ: ಹೊಂದುತ್ತದೆ. ಕೇಳಿ ಹಾಕಿದರೆ ಇನ್ನೂ ಬೇಗ ಹೊಂದುತ್ತದೆ. ವಿಂಡೋಸ್ ವಾಪಸ್ ತರುವ ಕಷ್ಟ ತೆಗೆದುಕೊಳ್ಳಬೇಡಿ. ಕಾರವಾರದ ಮನೆಯ ಮಾತನ್ನೂ ಭಾನುವಾರ ಬಂದು, ಬಾಕಿನ ಮೇಲೆ ಕೂತು, ಕೇಳುವ ಹಾಗೆ ಕೇಳಿ. ಆಗಲಿ ಎನ್ನುತ್ತೇನೋ ಇಲ್ಲವೋ ನನಗೇ ಗೊತ್ತಿಲ್ಲ. ಆದರೆ ಕೇಳಿ.

ನಾಗು ಬಾಗಿಲಲ್ಲಿ ನಿಂತು, “ಬಸ್ ಹೋಯ್ತು ಅತ್ಗೇ, ಕಾಗ್ದ ಕೊಡೇ!” ಎಂದು ಕುಣಿಯುತ್ತಿದ್ದಾನೆ.

ನನ್ನ ಅಂಗಡಿಯಿಂದ,
ರಂಜನಾ

ತಾ.ಕ.: ಹಳೆಯ ಪಾಸ್‌ವರ್ಡ್ ಏನಿತ್ತೆಂದು ನಾಗುವಿನ ಕೈಯಲ್ಲಿ ಬರೆದು ಕಳಿಸಿ. ಯಂತ್ರಕ್ಕೆ ಇನ್ನು ಅದು ಬೇಡ. ನನಗೆ ಬೇಕು.