ಎಡೆಗಿಟ್ಟ ಸಾಸೇಜು

ಅಕ್ಟೋಬರ್ 2, 2024, ಬುಧವಾರ

ನಮಿತಾ, ಅತ್ತೆಯ ಡೈರಿ ಪುಸ್ತಕ ಕದ್ದು ಓದುವ ಸೊಸೆಯೇ, ನಾಚಿಕೆ ಇಲ್ಲದಿದ್ದರೆ ಇದನ್ನೂ ಓದು.

ಇವತ್ತು ಹಿರಿಯರಿಗೆ ಎಡೆ ಇಡುವ ಹಬ್ಬ. ಗಾಂಧಿ ಜಯಂತಿಯೂ ಇವತ್ತೇ ಬಂದಿದೆ, ತೀರ್ಥಹಳ್ಳಿಯಲ್ಲಿ ಮಾಂಸದ ಅಂಗಡಿ ತೆರೆಯುವುದಿಲ್ಲ, ನಿನ್ನೆಯೇ ಹಂದಿ ಮಾಂಸ ತಂದಿಡು ಎಂದು ಬಾಯಿ ನೋಯುವಷ್ಟು ಹೇಳಿದ್ದೆ. ಆಸ್ಪತ್ರೆ ಡ್ಯೂಟಿಯಲ್ಲಿ ಮರೆತೆಯಂತೆ. ನೀನು ಫ್ರಿಜ್ಜಿನಿಂದ ಸಾಸೇಜಿನ ಪ್ಯಾಕೆಟ್ ತೆಗೆದು, ಬಿಲ್ಲೆ ಬಿಲ್ಲೆ ಕತ್ತರಿಸಿ, ಬೀನ್ಸು, ಕ್ಯಾರೆಟ್ಟು, ದೊಣ್ಣೆಮೆಣಸಿನಕಾಯಿ ಜೊತೆ ಬಾಡಿಸಿ, ಮೇಲಿಷ್ಟು ಕಾಳುಮೆಣಸಿನ ಪುಡಿ ಉದುರಿಸಿದೆ. ನನ್ನ ಕಡುಬು ಬೇಯುವುದರೊಳಗೆ ನಿನ್ನ ಅಡುಗೆಯೇ ಮುಗಿದಿತ್ತು. ಅದನ್ನೇ ನೀನು ಎಡೆಗೆ ಬಡಿಸಿದೆ.

"ಇದೆಂತ ಮಾರಾಯ್ತಿ?" ಎಂದೆ.

"ಇದೂ ಹಂದಿದೇ ಅಲ್ವಾ ಅತ್ತೆ? ಮಾವ ಎಂತ ಪ್ಯಾಕೆಟ್ ನೋಡ್ತಾರಾ?"

ಸತ್ತವರ ಎದುರು ಜಗಳ ಬೇಡವೆಂದು ಎಡೆಯಿಟ್ಟ ಕೋಣೆಯ ಬಾಗಿಲು ಮುಚ್ಚಿ ಹೊರಗೆ ನಿಂತೆ. ಅವರು ಬಂದು ಉಣ್ಣುವ ಹೊತ್ತು ಅದು. ನಿನ್ನ ಮಾವ ಬದುಕಿದ್ದಾಗ ಬೀನ್ಸ್ ಕಂಡರೆ ತಟ್ಟೆ ದೂಡುತ್ತಿದ್ದ ಮನುಷ್ಯ. ಒಳಗೆ ಹಸಿದುಕೊಂಡೇ ಕೂತಿದ್ದಾರೆ ಅನಿಸಿತು.

ಆಮೇಲೆ ನಿನ್ನ ಗಂಡ ಎರಡೆರಡು ಸಲ ಬಡಿಸಿಕೊಂಡ. "ದಿನಾ ಇದನ್ನೇ ಮಾಡು, ಬೇಗ ಆಗ್ತದೆ" ಎಂದ. ಡ್ಯೂಟಿ ದಿನ ಮಾಡಿಕೊಂಡು ತಿನ್ನಿ, ಬೇಡವೆಂದವರು ಯಾರು? ಆದರೆ ನಾಳೆ ಸತ್ತ ಮೇಲೆ ಆ ಮುಚ್ಚಿದ ಬಾಗಿಲ ಒಳಗೆ ಎಡೆಯ ಮುಂದೆ ಕೂರುವವಳು ನಾನು. ನನಗೂ ಪ್ಯಾಕೆಟ್ ಹರಿದು ಬಡಿಸುತ್ತೀಯಾ, ಇಲ್ಲ ಹಿಂದಿನ ದಿನವೇ ಅಂಗಡಿಗೆ ಹೋಗುತ್ತೀಯಾ? ಎದುರು ನಿಂತು ಹೇಳಬೇಡ, ನಿನ್ನ ಮಾತು ಕೇಳಿ ಸಾಕಾಗಿದೆ. ಇಲ್ಲೇ ಕೆಳಗೆ ಬರೆ. ಮುಂದಿನ ತಿಂಗಳು ಹುಟ್ಟುವುದರೊಳಗೆ ಉತ್ತರ ಇರಬೇಕು.