ಜಗದೀಶನ ನೀರಡಿಕೆ

ಹೊನ್ನಾವರ
೧೨-೧೧-೨೦೨೪

ಮಗಳು ಹೇಮಾಳಿಗೆ ಅಪ್ಪನ ಆಶೀರ್ವಾದ.

ನಿನ್ನಪ್ಪ ನಿನ್ನೆ ಶರಾವತಿಗೆ ಬಿದ್ದ. ಇನ್ನೂ ಹುಡುಕುತ್ತಿದ್ದಾರೆ.

ಹೆದರಬೇಡ, ಸುಳ್ಳು. ಬಿದ್ದದ್ದು ನನ್ನ ಎಡಗಾಲಿನ ಚಪ್ಪಲಿ, ಹುಡುಕುತ್ತಿರುವವನು ನಾನೊಬ್ಬನೇ. ಗಂಡ ಆಸ್ಪತ್ರೆಯಲ್ಲಿ ಮಲಗಿರುವಾಗಲೂ ನಿನ್ನನ್ನು ಹೀಗೆ ಹೆದರಿಸಿದೆನಲ್ಲ, ಬೈದುಬಿಡು. ಹತ್ತು ದಿನವಾದರೂ ಮಂಗಳೂರಿಗೆ ಬರಲಿಲ್ಲ, ಅದಕ್ಕೂ ಬೈ. ಫೋನ್ ಮಾಡಿದರೆ ನಿನ್ನ ದನಿ ಕೇಳಿದೊಡನೆ ಇಟ್ಟುಬಿಡುತ್ತೇನೆ. ಅದಕ್ಕೇ ಈ ಕಾಗದ.

ಡಾಕ್ಟರು ಹೇಳಿದ್ದನ್ನು ನಿನ್ನ ಮೈದುನ ನಿತ್ಯಾನಂದ ಬಂದು ತಿಳಿಸಿದ. ಹೋದ ವರ್ಷ ಬೋಟಿನಲ್ಲಿ ಜಾರಿ ಜಗದೀಶನ ತಲೆಗೆ ಪೆಟ್ಟಾಯಿತಲ್ಲ, ಆಗಲೇ ಮೆದುಳಿನಿಂದ ಬರಬೇಕಾದ ಹಾರ್ಮೋನು ನಿಂತಿತಂತೆ. ನೀರು ಹಿಡಿದಿಟ್ಟುಕೋ ಎಂದು ಕಿಡ್ನಿಗೆ ಹೇಳುವುದೇ ಅದು. ಹೇಳುವವರಿಲ್ಲದೆ ಕುಡಿದದ್ದೆಲ್ಲ ಸೋರಿಹೋಗುತ್ತಿತ್ತು. ಸದಾ ನೀರು ಕುಡಿಯುತ್ತ ಇದ್ದದ್ದರಿಂದಲೇ ಬದುಕಿದ್ದ. ರಕ್ತ ಪರೀಕ್ಷೆಯಲ್ಲಿ ಸಕ್ಕರೆ ಕಾಯಿಲೆ ಇಲ್ಲ ಎಂದು ಬಂದ ಮೇಲೆ ನಾವೆಲ್ಲ ಅದನ್ನು ಚಟ ಎಂದೇ ತಿಳಿದೆವು. "ಇವಂದು ಕಿಡ್ನಿ ಅಲ್ಲ ಮಾರಾಯಾ, ಕಿಂಡಿ!" ಎಂದು ಬಂದರಿನಲ್ಲಿ ಎಲ್ಲರನ್ನೂ ನಗಿಸಿದವನು ನಾನೇ. ಅವನೂ ನಕ್ಕು, "ಎಂತ ಮಾಡುದು ಮಾವಾ, ಗಂಟಲೇ ಒಣಗ್ತದೆ" ಎಂದು ಮತ್ತೆ ತಂಬಿಗೆ ಎತ್ತಿದ್ದ.

ಬೋಟಿನಲ್ಲಿ ಐದು ಜನಕ್ಕೆ ಎರಡು ದಿನಕ್ಕೆಂದು ಎರಡು ಕ್ಯಾನು ನೀರು. ಹತ್ತು ದಿನದ ಹಿಂದೆ ಹೊರಟಾಗ ಸಮುದ್ರದ ನಡುವೆ ಹೋಗಿ ನೋಡಿದರೆ ಒಂದೇ. ಮರುದಿನ ಮಧ್ಯಾಹ್ನ ಜಗದೀಶ ಬಲೆಯ ರಾಶಿಯನ್ನು ನೋಡಿ ನಿನ್ನ ಹೆಸರು ಹಿಡಿದು ಕರೆದನಂತೆ. ಆಮೇಲೆ ಫಿಟ್ಸ್ ಬಂತು. ನೀರು ತುಂಬುವ ಪಾಳಿ ಬೋಟಿನ ಹುಡುಗ ಸಂಜಯನದು. "ನಾ ಎರಡೂ ಕ್ಯಾನ್ ತುಂಬ್ಸಿಟ್ಟಿದ್ದೆ, ದೇವ್ರಾಣೆ" ಎಂದು ಅತ್ತರೂ ಯಾರೂ ನಂಬಲಿಲ್ಲ. ಅವನನ್ನು ಕೆಲಸದಿಂದ ಬಿಡಿಸಿದರು. ನೀನೂ ಫೋನಿನಲ್ಲಿ, "ನನ್ನ ಮನೆ ಮುಳುಗ್ಸಿದೆ ಅಲ್ಲೋ ನೀನು" ಎಂದೆಯಂತೆ.

ಅಳಿಯ ಕಣ್ಣು ಬಿಟ್ಟನೇ? ನಿನ್ನ ಗುರುತು ಹಿಡಿದನೇ? ನಿತ್ಯಾನಂದನನ್ನು ಕೇಳಿದರೆ ಬೇರೆ ಮಾತು ತೆಗೆಯುತ್ತಾನೆ. ನೀನು ಊಟ ಬಿಡಬೇಡ. ಅವನು ಎದ್ದು ಕೂರಲಿ, ನಿನ್ನ ಕುಂಕುಮ ಗಟ್ಟಿಯಿರಲಿ.

ನಿನ್ನ ಅಪ್ಪ,
ಮಾದೇವ

ತಾ.ಕ.: ಮಗಾ, ಸಂಜಯನಿಗೆ ಶಾಪ ಹಾಕಬೇಡ. ಅವನು ಹೇಳಿದ್ದು ನಿಜ. ಎರಡು ದಿನ ಬಾಯಿ ಒಣಗಿದರೆ ಅಳಿಯನ ಚಟ ಬಿಟ್ಟುಹೋಗುತ್ತದೆ, ವಾಪಸು ಬಂದ ಮೇಲೆ ಹೇಳಿ ನಗೋಣ ಅಂದುಕೊಂಡಿದ್ದೆ. ಬೋಟು ಬಿಡುವ ಮುಂಚೆ ಎಲ್ಲರೂ ಚಾ ಕುಡಿಯಲು ಹೋದಾಗ ಒಂದು ಕ್ಯಾನನ್ನು ಇಳಿಸಿ, ಬಂದರಿನ ಹಳೇ ಬಲೆಗಳ ಹಿಂದೆ ಬಚ್ಚಿಟ್ಟವನು ನಾನು.