ಹೊರಗೆ ಹೋಗದ ಶಾಖ

ಅಕ್ಟೋಬರ್ ೧೪, ಮಂಗಳವಾರ

ಕಳೆದುಹೋಗಿದ್ದ ನಲವತ್ತು ಡಿಗ್ರಿ ಸಿಕ್ಕಿತು. ಸಿಗದಿದ್ದರೇ ಚೆನ್ನಾಗಿತ್ತು.

ನನ್ನ ಗಣಿತದ ಮಾದರಿಯ ಪ್ರಕಾರ ಶಾಖ ಹಿಡಿದಿಡುವ ಪೆಟ್ಟಿಗೆಯೊಳಗೆ ವಿದ್ಯುತ್ ತಯಾರಿಸುವ ಇಂಧನ ಕೋಶಗಳು ಎಂಟುನೂರ ನಲವತ್ತು ಡಿಗ್ರಿವರೆಗೆ ಕಾಯಬೇಕು. ಲ್ಯಾಬಿನಲ್ಲಿ ಅವು ಎಂಟುನೂರಕ್ಕೇ ನಿಂತುಬಿಡುತ್ತವೆ. ತಿಂಗಳಿಂದ ಸಮೀಕರಣಗಳನ್ನು ಜಾಲಾಡಿದ್ದೇ ಬಂತು. "ಮಿಕ್ಕ ಶಾಖ ಎಲ್ಲಿಗೆ ಹೋಯ್ತು? ನಾಳೆ ಹೇಳದಿದ್ರೆ ಪೇಪರ್ ಕಳಿಸೋದೇ ಬೇಡ," ಅಂದಿದ್ದರು ಇವತ್ತು ಸಂಜೆ ನನ್ನ ಗೈಡ್ ಮೇಡಂ.

ಊಟಕ್ಕೆ ಕೂತಾಗ ಹೆಂಡತಿ ಕೇಳಿದಳು, "ಮಧ್ಯಾಹ್ನ ಡಬ್ಬಿ ಊಟ ಆರಿಹೋಗಿತ್ತೇನ್ರೀ?"

"ಇಲ್ಲ ಕಣೇ, ಕೈ ಸುಡೋ ಹಾಗಿತ್ತು. ದಿನಾ ಎಲ್ಲರೂ ಡಬ್ಬೀನ ಆ ಪೆಟ್ಟಿಗೆ ಮೇಲೇ ಇಡ್ತೀವಲ್ಲ."

ಅಂದವನು ತುತ್ತು ಕೈಯಲ್ಲೇ ಹಿಡಿದು ಕೂತೆ. ಮಾದರಿಯ ಮೊದಲ ಸಾಲಿನಲ್ಲೇ ಬರೆದಿದ್ದೇನೆ: ಪೆಟ್ಟಿಗೆಯಿಂದ ಶಾಖ ಒಂದಿಷ್ಟೂ ಹೊರಗೆ ಹೋಗುವುದಿಲ್ಲ. ಅದನ್ನು ಬರೆದದ್ದೂ ಬಿಸಿ ಊಟ ಮುಗಿಸಿ, ತೇಗುತ್ತಲೇ.

"ಏನಾಯ್ತು, ಉಪ್ಪು ಜಾಸ್ತಿಯಾಯ್ತಾ?"

ಉಪ್ಪು ಸರಿಯಾಗಿಯೇ ಇತ್ತು. ಕಮ್ಮಿಯಾಗಿದ್ದು ನನ್ನ ಬುದ್ಧಿ.

ನಾಳೆ ಮೇಡಂಗೆ ಹೇಳಲೇಬೇಕು. ಹೇಳಿದರೆ ಪೆಟ್ಟಿಗೆಗೆ ಇನ್ನೊಂದು ಹೊದಿಕೆ ಬೀಳುತ್ತದೆ, ಎಲ್ಲರಿಗೂ ತಣ್ಣನೆ ಊಟವೇ ಗತಿ. ಅದೂ ಹೋಗಲಿ. ಪೆಟ್ಟಿಗೆಯ ನಟ್ಟನಡುವೆ, ಎಲ್ಲಕ್ಕಿಂತ ಬಿಸಿಯಾದ ಜಾಗದಲ್ಲಿ, ದಿನಾ ಕೂತಿರುವುದು ಮೇಡಂ ಅವರದೇ ನಾಲ್ಕಂತಸ್ತಿನ ಕ್ಯಾರಿಯರ್. ಮಾತು ಎಲ್ಲಿಂದ ಶುರು ಮಾಡುವುದೋ.